ಪ್ರಶ್ನೆ ಬ್ಯಾಂಕ್, ಮೊಬೈಲ್ ಎಐ, ಮಕ್ಕಳ ನೋಟ್‌ಬುಕ್: ಬಹು ಆಯ್ಕೆ ಪ್ರಶ್ನೆಗೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೋಟ್‌ಬುಕ್ಕಿಗೆ. 260 ರೂಪಾಯಿ ಕೊಟ್ಟು ಬಳ್ಳಾರಿಯಿಂದ ತಂದ ಪ್ರಶ್ನೆ ಬ್ಯಾಂಕ್ ಈಗ ಸ್ಟಾಫ್ ರೂಮಿನ ಕಿಟಕಿ ಗಾಳಿಗೆ ಬಡಿಯದ ಹಾಗೆ ಒತ್ತು ಕೊಟ್ಟು ನಿಂತಿದೆ.

ಸಿರುಗುಪ್ಪ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. 2021ರಲ್ಲಿ ಎಸ್ಸೆಸ್ಸೆಲ್ಸಿಯನ್ನೇ ಎರಡು ದಿನದಲ್ಲಿ ಒಎಂಆರ್ ಶೀಟಿನ ಮೇಲೆ ಮುಗಿಸಿದರಲ್ಲ, ಆಗಿನಿಂದ ತಿಂಗಳಿಗೊಂದು ಟೆಸ್ಟ್, 20 ಬಹು ಆಯ್ಕೆ ಪ್ರಶ್ನೆ ಅಂತ ಇಟ್ಟುಕೊಂಡಿದ್ದೇನೆ.

ಪ್ರಶ್ನೆ ಬ್ಯಾಂಕಿನ ಕಥೆ ಕೇಳಿ. ‘ಅಶೋಕನ ಹೆಸರಿರುವ ಶಾಸನ ಯಾವುದು? ಎ) ಮಸ್ಕಿ ಬಿ) ನಿಟ್ಟೂರು ಸಿ) ಬ್ರಹ್ಮಗಿರಿ ಡಿ) ಹಲ್ಮಿಡಿ.’ ಕೀ ಉತ್ತರ ಎ. ಸುಮ್ನೆ ಹಾಗೇ ಇಳಿಸಿಕೊಂಡೆ. ಟೆಸ್ಟ್ ನಡುವೆ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ನಿಟ್ಟೂರಾಗೂ ಐತಲ್ರೀ?” ಅವಳ ಅವ್ವನ ತವರು ನಿಟ್ಟೂರಂತೆ. “ಒಂದಕ್ಕೇ ಟಿಕ್ ಹಾಕಮ್ಮಾ, ಕೂತ್ಕೋ” ಅಂದೆ.

ಮನೆಗೆ ಹೋಗಿ ನೋಡಿದರೆ ಅವಳದೇ ಸರಿ! ಅಶೋಕನ ಹೆಸರು ಮಸ್ಕಿಯಲ್ಲೂ ಇದೆ, ನಮ್ಮ ಜಿಲ್ಲೆಯ ನಿಟ್ಟೂರು, ಉದೇಗೋಳಂನಲ್ಲೂ ಇದೆ, ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ. ನಿಟ್ಟೂರು ನಮ್ಮ ತಾಲ್ಲೂಕಿನದೇ ಊರು. ನನಗೇ ಗೊತ್ತಿರಬೇಕಿತ್ತು, ಅಲ್ವಾ?

ಅಷ್ಟರಲ್ಲಿ 42 ಪೇಪರ್ ತಿದ್ದಿ ಮುಗಿದಿತ್ತು. ನಿಟ್ಟೂರಿಗೆ ಟಿಕ್ ಹಾಕಿದ್ದ 11 ಜನರ ಪೇಪರಿನ ಕೆಂಪು ಗೀಟು ತೆಗೆದು ಮಾರ್ಕ್ಸ್ ಕೊಟ್ಟೆ. ಮಸ್ಕಿ ಬರೆದವರ ಗಲಾಟೆ ಶುರುವಾಯಿತು, ತಪ್ಪು ಅಂದದ್ದಕ್ಕೂ ಮಾರ್ಕ್ಸ್ ಕೊಟ್ಟರೆ ನಮ್ಮದೇನು ದೊಡ್ಡದು ಅಂತ. ಒಂದು ಪೀರಿಯಡ್ ಪೂರ್ತಿ ಪಂಚಾಯಿತಿ. ಪ್ರಶ್ನೆಯಲ್ಲಿ ‘ಮೊದಲು’ ಅನ್ನೋ ಒಂದು ಪದ ಇದ್ದಿದ್ದರೆ ಸಾಕಿತ್ತು. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಿಂದಲೇ ತಾನೇ ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನೋ ಬಿರುದಿನ ರಾಜ ಅಂದರೆ ಅಶೋಕ ಅಂತ ಖಚಿತವಾದದ್ದು! ಆಮೇಲೆ ಆ ಪುಸ್ತಕದ ಪ್ರತಿ ಕೀ ಉತ್ತರವನ್ನೂ ನಾನೇ ಪರೀಕ್ಷಿಸಬೇಕಾಯಿತು. ಹಾಗಿದ್ದ ಮೇಲೆ 260 ರೂಪಾಯಿ ಯಾಕೆ?

ಮೊಬೈಲ್ ಎಐ ಪುಕ್ಕಟೆ, ಎರಡು ನಿಮಿಷದ ಕೆಲಸ. ಆದರೆ ನನಗೆ ಕೊಟ್ಟ ಪ್ರಶ್ನೆಗಳಲ್ಲಿ ಸರಿ ಉತ್ತರವೇ ಎಲ್ಲಕ್ಕಿಂತ ಉದ್ದ. ಪುಸ್ತಕ ಮುಟ್ಟದ ಹಿಂದಿನ ಬೆಂಚಿನವನೊಬ್ಬ 20ಕ್ಕೆ 15 ತೆಗೆದ. ಕೇಳಿದರೆ, “ಉದ್ದ ಇದ್ದಿದ್ದಕ್ಕೆ ಹಾಕೀನ್ರಿ ಸರ್” ಅಂದ. ಎಲ್ಲ ಒಂದೇ ಅಳತೆಗೆ ಬರೆ ಅಂದರೆ ಬರೆಯಿತು, ಆದರೆ ತಪ್ಪು ಆಯ್ಕೆಗಳು ನಗು ಬರುವಂಥವು. ಮೌರ್ಯರ ಪ್ರಶ್ನೆಗೆ ಅಕ್ಬರನನ್ನು ತಂದು ಕೂರಿಸಿದರೆ ಯಾರು ಟಿಕ್ ಹಾಕುತ್ತಾರೆ?

ನೋಟ್‌ಬುಕ್ಕಿನ ದಾರಿ ಬೇರೆ. ತಿದ್ದುವಾಗ ಮಕ್ಕಳು ಮಾಡಿದ ತಪ್ಪನ್ನು ಒಂದು ಹಾಳೆಗೆ ಬರೆದಿಟ್ಟುಕೊಳ್ಳುತ್ತೇನೆ, ಅವೇ ತಪ್ಪು ಆಯ್ಕೆ. ಮಸ್ಕಿ ಶಾಸನದ ಭಾಷೆ ಬ್ರಾಹ್ಮಿ ಅಂತ ಎಷ್ಟೋ ಜನ ಬರೆದಿದ್ದರು. ಕೆಲವರು ಕನ್ನಡ ಅಂದಿದ್ದರು. ಪ್ರಶ್ನೆ ತಾನಾಗೇ ರೆಡಿ: ‘ಮಸ್ಕಿ ಶಾಸನದ ಭಾಷೆ ಯಾವುದು? ಎ) ಬ್ರಾಹ್ಮಿ ಬಿ) ಕನ್ನಡ ಸಿ) ಪ್ರಾಕೃತ.’ ಸರಿ ಉತ್ತರ ಪ್ರಾಕೃತ, ಬ್ರಾಹ್ಮಿ ಅದನ್ನು ಬರೆದ ಲಿಪಿ. 42ರಲ್ಲಿ 17 ಜನ ಬ್ರಾಹ್ಮಿಗೆ ಬಿದ್ದರು. ಲಿಪಿಗೂ ಭಾಷೆಗೂ ಇರುವ ವ್ಯತ್ಯಾಸವೇ ಅವರಿಗೆ ಹತ್ತಿರಲಿಲ್ಲ. ಮರುದಿನ ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಊಟ ಆಯ್ತಾ’ ಅಂತ ಬರೆದು, ವಾಟ್ಸಾಪಲ್ಲಿ ಹೀಗೆ ಕಳಿಸ್ತೀರಲ್ಲ, ಇದು ಯಾವ ಭಾಷೆ ಅಂತ ಕೇಳಿದೆ. “ಕನ್ನಡ ರೀ!” ಅಂದವರು ತಮ್ಮ ಪೇಪರ್ ನೋಡಿಕೊಂಡು ತಾವೇ ನಕ್ಕರು.

ನಾಲ್ಕನೇ ಆಯ್ಕೆ ಸಿಗದಿದ್ದರೆ ಮೂರಕ್ಕೇ ನಿಲ್ಲಿಸುತ್ತೇನೆ. 80 ವರ್ಷಗಳ ಸಂಶೋಧನೆ ಒಟ್ಟುಗೂಡಿಸಿ ನೋಡಿದ 2005ರ ಅಧ್ಯಯನವೊಂದು ಮೂರೇ ಸಾಕು ಅಂದಿದೆ. ನಮ್ಮ ಹೆಚ್ಚೆಮ್ಮು ಇನ್ನೂ ಒಪ್ಪಿಲ್ಲ.

‘ಮೇಲಿನ ಎಲ್ಲವೂ’ ಅನ್ನೋದನ್ನು ಮಾತ್ರ ಯಾವ ದಾರಿಯಲ್ಲೂ ಹಾಕಬೇಡಿ. ಎರಡು ಸರಿ ಅಂತ ಗೊತ್ತಾದರೆ ಸಾಕು, ಮೂರನೆಯದನ್ನು ಓದುವುದೇ ಇಲ್ಲ.

ಟೈಮ್ ಜಾಸ್ತಿ ಹಿಡಿಯುತ್ತದೆ, ಸುಳ್ಳು ಹೇಳಲ್ಲ. ಒಂದು ಟೆಸ್ಟಿಗೆ ಎರಡು ರಾತ್ರಿ. ನನಗಿರುವುದು ಒಂದೇ ಸೆಕ್ಷನ್, ನೋಟ್‌ಬುಕ್ ಹೇಗೂ ತಿದ್ದಲೇಬೇಕು, ಖರ್ಚು ಝೆರಾಕ್ಸಿನದು ಮಾತ್ರ. ನಿಮಗೆ ನಾಲ್ಕೈದು ಸೆಕ್ಷನ್ ಇದ್ದರೆ ಮೊಬೈಲಿಂದಲೇ ಶುರು ಮಾಡಿ. ಆದರೆ ಅದು ಕೊಟ್ಟ ತಪ್ಪು ಆಯ್ಕೆಗಳನ್ನು ಹೊಡೆದುಹಾಕಿ, ನಿಮ್ಮ ಮಕ್ಕಳ ತಪ್ಪುಗಳನ್ನು ಆ ಜಾಗಕ್ಕೆ ಬರೆಯಿರಿ.