ಟೋಕಿಯೊ ಕರಾಟೆ ಫೈನಲ್‌ಗಳು: ಮಗಳ ಜೊತೆ ಮೂರು ಭಾನುವಾರ ಕೂತು ನೋಡಿದ ಮೇಲೆ

ಕರಾಟೆ ಕ್ಲಾಸಿಗೆ ಹೋಗುವ ಮಕ್ಕಳಿರುವ ಮನೆಯವರಿಗಾಗಿ ಈ ರಿವ್ಯೂ. ಟೋಕಿಯೊ ಒಲಿಂಪಿಕ್ಸ್‌ನ ಕರಾಟೆ ಪಂದ್ಯಗಳ ರೆಕಾರ್ಡಿಂಗ್ ನೆಟ್‌ನಲ್ಲಿ ಸಿಗುತ್ತದೆ. ನಾವು ನೋಡಿದ್ದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಾನು, ನನ್ನ ಹನ್ನೊಂದು ವರ್ಷದ ಮಗಳು ಮೂರು ಭಾನುವಾರ ಕೂತು ಫೈನಲ್‌ಗಳನ್ನು ನೋಡಿ ಮುಗಿಸಿದೆವು. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಶುರುವಾಗಿದ್ದು ಹೀಗೆ. ಮಗಳು ಒಂದು ಇಂಟರ್‌ನ್ಯಾಷನಲ್ ಓಪನ್ ಟೂರ್ನಿಗೆ ಹೋಗಿ ಕಂಚು ಗೆದ್ದು ಬಂದಳು. ಬೆಳಿಗ್ಗೆ ಏಳಕ್ಕೇ ಬನ್ನಿ ಅಂದಿದ್ದರು, ಅವಳ ಹೆಸರು ಕರೆದಾಗ ಮಧ್ಯಾಹ್ನ ಮೂರು ಗಂಟೆ. ಅವಳ ಗುಂಪಿನಲ್ಲಿ ಇದ್ದವರೇ ನಾಲ್ಕು ಮಕ್ಕಳು, ನಾಲ್ಕೂ ಜನಕ್ಕೆ ಪದಕ. ಕೊರಳಿಗೆ ಹಾಕುವಾಗ ಮೈಕಿನಲ್ಲಿ ಒಬ್ಬರ ಹೆಸರನ್ನೂ ಹೇಳಲಿಲ್ಲ. ಅದು ನನಗೆ ತುಂಬಾ ಬೇಜಾರಾಯಿತು, ಯಾಕೆಂದರೆ ಮಗು ಬೆಳಿಗ್ಗೆಯಿಂದ ಕಾದಿದ್ದೇ ಆ ಒಂದು ಕ್ಷಣಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ಪದಕವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೇಳಿದಳು: “ಅಮ್ಮಾ, ಒಲಿಂಪಿಕ್ಸ್‌ನಲ್ಲಿ ಕರಾಟೆ ಯಾರು ಗೆದ್ರು?” ಮನೆಗೆ ಬಂದು ಹುಡುಕಿದೆವು.

ಒಲಿಂಪಿಕ್ಸ್‌ನಲ್ಲಿ ಕರಾಟೆ ಇದ್ದಿದ್ದು ಇದುವರೆಗೆ ಅದೊಂದೇ ಸಲ, 2021ರ ಆಗಸ್ಟ್ 5, 6, 7ರಂದು. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಈ ಮೂರು ದಿನದ ರೆಕಾರ್ಡಿಂಗ್‌ಗೆ ಬೆಲೆ ಜಾಸ್ತಿ. ನಡೆದ ಜಾಗ ನಿಪ್ಪಾನ್ ಬುಡೋಕಾನ್, 1964ರ ಒಲಿಂಪಿಕ್ಸ್‌ನಲ್ಲಿ ಜೂಡೊ ಆಡಿಸಲು ಕಟ್ಟಿದ್ದು. ಕೋವಿಡ್ ಕಾಲವಾದ್ದರಿಂದ ಪ್ರೇಕ್ಷಕರಿಲ್ಲ, ಸಾಲು ಸಾಲು ಖಾಲಿ ಕುರ್ಚಿಗಳು. ನೋಡಲು ಸಂಕಟ ಆಗುತ್ತದೆ ನಿಜ, ಆದರೆ ಅದರಿಂದ ನಮಗೊಂದು ಲಾಭವೂ ಆಯಿತು. ಎಲ್ಲ ಸದ್ದೂ ಕೇಳಿಸುತ್ತದೆ.

ಇದನ್ನು ಜಪಾನ್‌ನ ರ್ಯೋ ಕಿಯೂನಾ ಅವರ ಕಟಾದಲ್ಲಿ ಗಮನಿಸಿ. ಕಟಾ ಅಂದರೆ ಎದುರಾಳಿ ಇಲ್ಲದೆ, ಕ್ರಮವಾಗಿ ಒಬ್ಬರೇ ಮಾಡುವ ಹೊಡೆತ, ತಡೆ, ತಿರುವುಗಳ ಸರಣಿ. ಕಿಯೂನಾ ಕರಾಟೆಯ ತವರಾದ ಓಕಿನಾವಾದವರು. ಕೈ ಚಾಚಿದಾಗ ಬಿಳಿ ಬಟ್ಟೆಯ ತೋಳು ‘ಪಟ್’ ಅನ್ನುತ್ತದೆ, ಒದ್ದೆ ಬಟ್ಟೆ ಕೊಡವಿದ ಹಾಗೆ. ಆ ಸದ್ದು ಬಂದ ಕ್ಷಣಕ್ಕೇ ಕೈ ಕಲ್ಲಿನಂತೆ ನಿಂತುಬಿಡುತ್ತದೆ, ಒಂದಿಷ್ಟೂ ಅಲುಗುವುದಿಲ್ಲ. ಮಗಳು ಹಿಂದಕ್ಕೆ ಓಡಿಸಿ ಓಡಿಸಿ ಆ ಕೈಯೊಂದನ್ನೇ ಎಷ್ಟೋ ಸಲ ನೋಡಿದಳು. ಆಮೇಲೆ ಎದ್ದು ಹಾಲ್‌ನಲ್ಲಿ ಮಾಡಿ ನೋಡಿದಳು, ಅವಳ ಬಟ್ಟೆಯೂ ಒಂದು ಸಲ ‘ಪಟ್’ ಅಂತು! ಆ ಮುಖ ನೋಡಬೇಕಿತ್ತು.

ಕಟಾ ಅಂಕ ಕೊಡುವ ರೀತಿ ಮೊದಲೇ ಗೊತ್ತಿದ್ದರೆ ನೋಡೋಕೆ ಇನ್ನೂ ಚೆನ್ನ. ಆಗ ಏಳು ಜನ ತೀರ್ಪುಗಾರರು. ಅತಿ ಹೆಚ್ಚಿನ ಎರಡು, ಅತಿ ಕಡಿಮೆಯ ಎರಡು ಅಂಕ ಬಿಟ್ಟು ಉಳಿದವನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ನೂರರಲ್ಲಿ ತಂತ್ರಕ್ಕೆ 70 ಭಾಗ, ವೇಗ, ಬಲ, ಸಮತೋಲಕ್ಕೆ 30 ಭಾಗ ಇತ್ತು. ಕಿಯೂನಾಗೆ 28.72 ಬಂತು, ಬೆಳ್ಳಿ ಗೆದ್ದ ಸ್ಪೇನ್‌ನ ಡಾಮಿಯನ್ ಕಿಂಟೆರೊಗೆ 27.66. ಗೆದ್ದ ಮೇಲೆ ಕಿಯೂನಾ ಕುಣಿಯಲಿಲ್ಲ. ಪದಕದ ವೇದಿಕೆಗೆ ತೀರಿಹೋದ ತಾಯಿಯ ಫೋಟೊ ಹಿಡಿದುಕೊಂಡು ಬಂದರು. ಆ ದೃಶ್ಯದಲ್ಲಿ ನನಗೆ ಕಣ್ಣು ತುಂಬಿ ಬಂತು.

ಹೆಂಗಸರ ಕಟಾ ಇನ್ನೂ ಬಿಗಿ. ಸ್ಪೇನ್‌ನ ಸಾಂಡ್ರಾ ಸಾಂಚೆಸ್ 28.06, ಜಪಾನ್‌ನ ಕಿಯೊ ಶಿಮಿಜು 27.88. ಬರೀ 0.18 ವ್ಯತ್ಯಾಸ. ಸಾಂಚೆಸ್‌ಗೆ ಆಗ 39 ವರ್ಷ. ನಮ್ಮ ಕಡೆ ಮದುವೆಯಾಗಿ ಮಕ್ಕಳಾದ ಮೇಲೆ ಕ್ಲಾಸ್ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ನನಗೆ ಗೊತ್ತು, ಅವರಿಗೆಲ್ಲ ಈ ಫೈನಲ್ ತೋರಿಸಬೇಕು ಅನ್ನಿಸಿತು.

ಕುಮಿಟೆ, ಅಂದರೆ ಇಬ್ಬರ ಕಾದಾಟ, ಬೇರೆಯದೇ ರುಚಿ. ಮೂರು ನಿಮಿಷ. ಪಂಚ್‌ಗೆ 1 ಅಂಕ, ಹೊಟ್ಟೆ-ಎದೆ ಮಟ್ಟದ ಕಿಕ್‌ಗೆ 2, ತಲೆ ಮಟ್ಟದ ಕಿಕ್‌ಗೆ 3. ಅಂಕ ಜಾಸ್ತಿ ಬಂದರೇ ಮಜಾ ಅಂದುಕೊಂಡವರು ಪುರುಷರ 75 ಕಿಲೊ ಫೈನಲ್ ನೋಡಿ. ಇಟಲಿಯ ಲೂಯಿಜಿ ಬುಸಾ, ಅಜರ್‌ಬೈಜಾನ್‌ನ ರಫಾಯೆಲ್ ಅಘಾಯೆವ್, ಇಬ್ಬರೂ ಹಳೇ ಎದುರಾಳಿಗಳು. ಅಘಾಯೆವ್ ಐದು ಸಲ ವಿಶ್ವ ಚಾಂಪಿಯನ್. ಇಡೀ ಪಂದ್ಯಕ್ಕೆ ಬಂದಿದ್ದು ಒಂದೇ ಒಂದು ಅಂಕ, ಅದು ಬುಸಾದು. ಮೊದಲ ಸಲ ನೋಡಿದಾಗ ಮಗಳಿಗೆ ಬೋರಾಯಿತು. ಎರಡನೇ ಸಲ ಬರೀ ಕಾಲುಗಳನ್ನೇ ನೋಡು ಅಂದೆ, ಆಗ ಉಸಿರು ಬಿಗಿಹಿಡಿದು ನೋಡಿದಳು.

ಇನ್ನು 75 ಕಿಲೊ ಮೇಲ್ಪಟ್ಟವರ ಫೈನಲ್. ಇದನ್ನು ಚಿಕ್ಕ ಮಕ್ಕಳಿಗೆ ಒಂಟಿಯಾಗಿ ತೋರಿಸಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಸೌದಿ ಅರೇಬಿಯಾದ ತಾರೆಗ್ ಹಮ್ದಿ 4-1ರಿಂದ ಮುಂದಿದ್ದರು. ಗೆದ್ದಿದ್ದರೆ ಅವರ ದೇಶಕ್ಕೆ ಒಲಿಂಪಿಕ್ಸ್‌ನ ಮೊಟ್ಟಮೊದಲ ಚಿನ್ನ. ಅಷ್ಟರಲ್ಲಿ ಅವರ ಎತ್ತರದ ಕಿಕ್ ಒಂದು ಹತೋಟಿ ಮೀರಿ ಬಿತ್ತು. ಇರಾನ್‌ನ ಸಜ್ಜಾದ್ ಗಂಜ್‌ಜಾದೆ ನೆಲಕ್ಕೆ ಬಿದ್ದವರು ಏಳಲಿಲ್ಲ, ಸ್ಟ್ರೆಚರ್ ಮೇಲೆ ಹೊರಗೆ ಒಯ್ದರು. ತೀರ್ಪುಗಾರರು ಹಮ್ದಿಯನ್ನು ಅನರ್ಹ ಮಾಡಿದರು, ಚಿನ್ನ ಇರಾನ್‌ಗೆ ಹೋಯಿತು. ಗೆದ್ದವರಿಗೆ ತಾನು ಗೆದ್ದಿದ್ದು ಗೊತ್ತಾಗಿದ್ದು ಎಚ್ಚರವಾದ ಮೇಲೆ. ಅತ್ತಿದ್ದು ಹಮ್ದಿ. ನಮ್ಮ ಮನೆಯಲ್ಲಿ ಅವತ್ತು ರಾತ್ರಿ ಊಟದ ಹೊತ್ತಿಗೂ ಇದೇ ಮಾತು. “ಅವರು ಬೇಕಂತ ಹೊಡೀಲಿಲ್ಲ ಅಲ್ವಾ ಅಮ್ಮಾ?” ಅಂತ ಕೇಳುತ್ತಲೇ ಇದ್ದಳು. ಬೇಕಂತ ಅಲ್ಲ ಅಂದೆ. ಆದರೂ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಈ ಪದ್ಧತಿಯ ಕರಾಟೆಯಲ್ಲಿ ಕಾಲು ಬೀಸುವುದು ಎಷ್ಟು ಮುಖ್ಯವೋ ಸರಿಯಾದ ಜಾಗದಲ್ಲಿ ಅದನ್ನು ತಡೆಯುವುದೂ ಅಷ್ಟೇ ಮುಖ್ಯ, ಮಕ್ಕಳಿಗೆ ಕ್ಲಾಸಿನಲ್ಲಿ ದಿನಾ ಹೇಳಿಕೊಡುವುದೂ ಅದನ್ನೇ. ಬೇರೆ ಥರ ಯೋಚಿಸುವವರು ಇದ್ದಾರೆ, ನಾಲ್ಕು ಸಲ ನೋಡಿ ನೀವೇ ನಿರ್ಧರಿಸಿ.

ಪದಕದ ಪಟ್ಟಿ ನೋಡಿ ನಮಗೆ ಆಶ್ಚರ್ಯವಾಯಿತು. ಒಟ್ಟು ಎಂಟು ಚಿನ್ನ, ಎಂಟೂ ಬೇರೆ ಬೇರೆ ದೇಶಕ್ಕೆ: ಸ್ಪೇನ್, ಜಪಾನ್, ಫ್ರಾನ್ಸ್, ಇಟಲಿ, ಇರಾನ್, ಬಲ್ಗೇರಿಯಾ, ಸರ್ಬಿಯಾ, ಈಜಿಪ್ಟ್. ಕರಾಟೆ ಹುಟ್ಟಿದ ಜಪಾನ್‌ಗೂ ಒಂದೇ. ಈಜಿಪ್ಟ್‌ನ ಚಿನ್ನ ಫೆರಿಯಾಲ್ ಅಬ್ದೆಲ್‌ಅಜೀಜ್ ಅವರದು, ಆ ದೇಶದ ಹೆಣ್ಣುಮಗಳೊಬ್ಬಳು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದು ಅದೇ ಮೊದಲು. ಭಾರತದಿಂದ ಯಾರೂ ಅಲ್ಲಿಗೆ ಅರ್ಹತೆ ಪಡೆದಿರಲಿಲ್ಲ, ಅದು ಮನಸ್ಸಿಗೆ ಚುಚ್ಚುತ್ತದೆ. ಇನ್ನೊಂದು ವಿಷಯ. ಕುಮಿಟೆ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಅಲ್ಲಿ ಕಂಚು ಕೊಡುತ್ತಾರೆ. “ಹಾಗಾದ್ರೆ ನಂಗೆ ಕೊಟ್ಟಿದ್ದು ಸುಮ್ನೆ ಅಲ್ಲ, ಅದೇ ರೂಲ್ಸು!” ಅಂತ ಮಗಳು ಹಿಗ್ಗಿದಳು. ಹೌದು ಪುಟ್ಟಿ, ಅದೇ ರೂಲ್ಸು. ಆದರೆ ಅಲ್ಲಿ ಒಂದೊಂದು ತೂಕಕ್ಕೆ ಇಡೀ ಜಗತ್ತಿನಿಂದ ಹತ್ತು ಜನಕ್ಕಷ್ಟೇ ಜಾಗ ಇಟ್ಟಿದ್ದರು, ಆ ಹತ್ತರೊಳಗೆ ಬರೋದೇ ಒಂದು ಯುದ್ಧ ಅಂತಲೂ ಹೇಳಿದೆ.

ಈಗ ಆ ಅರ್ಧ ಸ್ಟಾರ್. ನಮಗೆ ಸಿಕ್ಕ ವಿಡಿಯೊಗಳಲ್ಲಿ ಕಾಮೆಂಟರಿ ಇಂಗ್ಲಿಷಿನಲ್ಲೇ ಇತ್ತು, ಅದೂ ಕರಾಟೆ ಗೊತ್ತಿದ್ದವರಿಗೆ ಹೇಳಿದ ಹಾಗೆ. ಅಂಕ ಯಾಕೆ ಬಂತು, ಬಾವುಟ ಯಾಕೆ ಎತ್ತಿದರು ಅನ್ನುವುದು ಹೊಸಬರಿಗೆ ತಿಳಿಯುವುದಿಲ್ಲ. ನಾನು ಮಗಳ ಮಾಸ್ಟರ್ ಹತ್ತಿರ ಕೇಳಿ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ, ಅದರಿಂದ ತುಂಬಾ ಅನುಕೂಲ ಆಯಿತು.

ನೋಡುವುದಾದರೆ ಮೊದಲು ಎರಡೂ ಕಟಾ ಫೈನಲ್, ಆಮೇಲೆ ಬುಸಾ–ಅಘಾಯೆವ್, ಕೊನೆಗೆ 75 ಮೇಲ್ಪಟ್ಟವರದು. ಮೊಬೈಲ್‌ನಲ್ಲಿ ಬೇಡ, ಟಿವಿಗೆ ಹಾಕಿ, ಕಾಲುಗಳು ಕಾಣಬೇಕು. ಸೌಂಡ್ ಸ್ವಲ್ಪ ಜಾಸ್ತಿ ಇಡಿ. ಪದಕ ಕೊಡುವ ಭಾಗವನ್ನು ಮಾತ್ರ ಮುಂದಕ್ಕೆ ಓಡಿಸಬೇಡಿ. ಅಲ್ಲಿ ಗೆದ್ದ ಪ್ರತಿಯೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಾರೆ.