ರೀಫರ್ ಕಂಟೇನರ್‌ನಲ್ಲಿ ಆಹಾರ ಕಳುಹಿಸುವುದು: ವರ್ಷಗಟ್ಟಲೆ ಬಳಸಿದವರ ಮಾತು

ಸಿಗಡಿ, ಮೀನು, ಫ್ರೋಜನ್ ತರಕಾರಿ, ಆಗಾಗ ತಾಜಾ ಹಣ್ಣು. ಇವನ್ನೆಲ್ಲ ಹಡಗಿನಲ್ಲಿ ಹೊರದೇಶಕ್ಕೆ ಕಳುಹಿಸುವುದು ಹಲವು ವರ್ಷಗಳಿಂದ ನಮ್ಮ ಕೆಲಸ. ಬೇರೆ ಬೇರೆ ಶಿಪ್ಪಿಂಗ್ ಲೈನ್‌ಗಳ (ಹಡಗು ಕಂಪನಿಗಳ) ರೀಫರ್ ಕಂಟೇನರ್, ಅಂದರೆ ತಂಪು ಕಾಯುವ ಮೆಷಿನ್ ಇರುವ ಕಂಟೇನರ್, ಬಳಸಿದ್ದೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫ್ರೋಜನ್ ಮಾಲಿಗೆ ಧೈರ್ಯವಾಗಿ ಬಳಸಿ. ತಾಜಾ ಮಾಲಾದರೆ ದಾರಿ ಮತ್ತು ದಿನಗಳ ಲೆಕ್ಕ ಹಾಕಿಯೇ ಬುಕ್ ಮಾಡಿ. ಮೆಷಿನ್ ಬಗ್ಗೆ ನನಗೆ ದೂರಿಲ್ಲ. ಮೆಷಿನ್‌ಗೆ ಕರೆಂಟ್ ಸಿಗದ ಗಂಟೆಗಳ ಬಗ್ಗೆ ಇದೆ.

ರೀಫರ್ ಅಂದರೆ ಹಡಗಿನಲ್ಲಿ ಹೋಗುವ ದೊಡ್ಡ ಫ್ರಿಜ್ ಅಂತ ಹೊಸಬರು ತಿಳಿದುಕೊಂಡಿರುತ್ತಾರೆ. ಬಿಸಿ ಇದ್ದದ್ದನ್ನು ತಣ್ಣಗೆ ಮಾಡಲು ಅದನ್ನು ಕಟ್ಟಿಲ್ಲ. ತಣ್ಣಗಿರುವುದನ್ನು ಹಾಗೇ ಕಾಯುವುದಷ್ಟೇ ಅದರ ಕೆಲಸ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೋಗಬೇಕಾದ ಮಾಲು ಕೋಲ್ಡ್ ಸ್ಟೋರೇಜ್‌ನಿಂದ ಹೊರಡುವಾಗಲೇ ಒಳಗಿನ ತಿರುಳಿನವರೆಗೂ ಮೈನಸ್ 18 ಅಥವಾ ಅದಕ್ಕಿಂತ ಕೆಳಗಿರಬೇಕು. ಮೈನಸ್ 10ರಲ್ಲಿ ತುಂಬಿಸಿದರೆ ನಡುವಿನ ಪೆಟ್ಟಿಗೆಗಳ ಉಷ್ಣತೆ ದಾರಿಯುದ್ದಕ್ಕೂ ಸರಿಯಾಗಿ ಇಳಿಯುವುದೇ ಇಲ್ಲ. ನಾವು ಮೈನಸ್ 20ಕ್ಕೆ ಇಳಿಸಿದ ಮೇಲೆಯೇ ಲೋಡ್ ಮಾಡುತ್ತೇವೆ. ಕೆಲವು ಪೆಟ್ಟಿಗೆಗಳಿಗೆ ಪ್ರೋಬ್ (ಉಷ್ಣತೆ ಅಳೆಯುವ ಕಡ್ಡಿ) ಚುಚ್ಚಿ ಅಳೆದು, ಫೋಟೋ ತೆಗೆದು ಇಟ್ಟುಕೊಳ್ಳುತ್ತೇವೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಖಾಲಿ ಕಂಟೇನರ್ ಅನ್ನು ಮುಂಚೆಯೇ ತಂಪು ಮಾಡಿಸಿಕೊಂಡು ಬಂದರೆ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಲೋಡಿಂಗ್ ಬಾಗಿಲು ಕೋಲ್ಡ್ ಸ್ಟೋರೇಜ್‌ಗೆ ಗಾಳಿ ಆಡದಂತೆ ಅಂಟಿಕೊಂಡಿದ್ದರೆ ಮಾತ್ರ ಅದು ಸರಿ. ಬಯಲಲ್ಲಿ ಬಾಗಿಲು ತೆರೆದರೆ ಹೊರಗಿನ ತೇವದ ಗಾಳಿ ಒಳನುಗ್ಗಿ ತಣ್ಣನೆಯ ಗೋಡೆಯ ಮೇಲೆ ನೀರಾಗುತ್ತದೆ. ಮೆಷಿನ್ ಓಡುತ್ತಿದ್ದರೆ ಗಾಳಿಯನ್ನು ತಂಪು ಮಾಡುವ ಕೊಳವೆಯ ಸುರುಳಿ, ಅಂದರೆ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಅದಕ್ಕೇ ಲೋಡಿಂಗ್ ಮುಗಿಯುವವರೆಗೆ ಮೆಷಿನ್ ಆಫ್ ಇರಬೇಕು, ಕೆಲಸ ಬೇಗ ಮುಗಿಯಬೇಕು.

ಪೆಟ್ಟಿಗೆ ಜೋಡಿಸುವುದರಲ್ಲೇ ಅರ್ಧ ಕೆಲಸ ಇದೆ. ರೀಫರ್‌ನ ನೆಲದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಅಲ್ಯೂಮಿನಿಯಂ ಪಟ್ಟಿಗಳಿವೆ. ತಂಪು ಗಾಳಿ ಅವುಗಳ ನಡುವಿನ ಸಂದಿಯಲ್ಲಿ ಹರಿದು, ಮೇಲೇರಿ, ಚಾವಣಿಯ ಕೆಳಗಿನಿಂದ ಮೆಷಿನ್‌ಗೆ ವಾಪಸ್ಸಾಗುತ್ತದೆ. ಗೋಡೆಯ ಮೇಲಿನ ಕೆಂಪು ಗೆರೆ ದಾಟಿ ಪೆಟ್ಟಿಗೆ ಏರಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಫ್ರೋಜನ್ ಪೆಟ್ಟಿಗೆಗಳನ್ನು ಸಂದಿಯಿಲ್ಲದೆ ಒತ್ತೊತ್ತಾಗಿ ಜೋಡಿಸಬೇಕು, ಗಾಳಿ ರಾಶಿಯ ಸುತ್ತ ಹರಿದರೆ ಸಾಕು. ಹಣ್ಣು ಹಾಗಲ್ಲ. ಅದು ಉಸಿರಾಡುತ್ತದೆ, ಶಾಖ ಬಿಡುತ್ತದೆ. ಪೆಟ್ಟಿಗೆಯ ತೂತುಗಳು ಒಂದರ ಮೇಲೊಂದು ಸರಿಯಾಗಿ ಕೂತು ಗಾಳಿ ಒಳಗಿನಿಂದಲೇ ಹಾದುಹೋಗಬೇಕು.

ಗಾಳಿಯ ಈ ಕಷ್ಟ ಹಳೆಯದು. 1882ರಲ್ಲಿ ಡನಿಡಿನ್ ಎಂಬ ಹಾಯಿಹಡಗು ನ್ಯೂಜಿಲೆಂಡ್‌ನಿಂದ ಲಂಡನ್ನಿಗೆ 98 ದಿನಗಳಲ್ಲಿ ಫ್ರೋಜನ್ ಮಾಂಸ ಒಯ್ದಿತ್ತು. ಉಷ್ಣವಲಯದಲ್ಲಿ ತಂಪು ಎಲ್ಲ ಕಡೆ ಸಮನಾಗಿ ಹರಡಲಿಲ್ಲ. ಆಗ ಕ್ಯಾಪ್ಟನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿ ಹೊಸ ತೂತು ಕೊರೆದ. ಚಳಿಗೆ ಮರಗಟ್ಟಿದ ಅವನನ್ನು ಹಗ್ಗ ಕಟ್ಟಿ ಹೊರಗೆಳೆಯಬೇಕಾಯಿತು. ಸುಮಾರು 5000 ಕುರಿಗಳಲ್ಲಿ ಕೆಟ್ಟದ್ದು ಒಂದೇ ಒಂದು. ನಮ್ಮ ಲೋಡಿಂಗ್ ಹುಡುಗರಿಗೆ ಈ ಕಥೆ ಹೇಳುತ್ತಿರುತ್ತೇನೆ. ಕೆಂಪು ಗೆರೆ ಯಾಕೆ ಮುಖ್ಯ ಅಂತ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಕಾಗದಪತ್ರದಲ್ಲಿ ಒಂದು ಚಿಕ್ಕ ಗೆರೆಗೆ ಬಹಳ ಬೆಲೆ ಇದೆ: ಮೈನಸ್ ಚಿಹ್ನೆ. ಬುಕಿಂಗ್, ಕಂಟೇನರ್‌ನ ಡಿಸ್‌ಪ್ಲೇ, ಬಿಲ್ ಆಫ್ ಲೇಡಿಂಗ್ (ಮಾಲು ಪಡೆದದ್ದಕ್ಕೆ ಹಡಗಿನವರು ಕೊಡುವ ಪತ್ರ), ಮೂರರಲ್ಲೂ ಸೆಟ್ ಪಾಯಿಂಟ್, ಅಂದರೆ ಮೆಷಿನ್ ಕಾಯಬೇಕಾದ ಉಷ್ಣತೆ, ಒಂದೇ ಇದೆಯಾ ಅಂತ ಒಬ್ಬರು ಕೂತು ನೋಡಲೇಬೇಕು. ಫ್ರೋಜನ್‌ಗೆ ಹೊರಗಾಳಿಯ ಕಿಂಡಿ ಮುಚ್ಚಿರಬೇಕು. ಹಣ್ಣಿಗೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕು ಅಂತ ಬರೆದು ಕೊಡಬೇಕು. ಸುಮ್ನೆ ಶೇಕಡಾವಾರು ಬರೆದರೆ ಒಂದೊಂದು ಮೆಷಿನ್‌ನಲ್ಲಿ ಒಂದೊಂದು ಅರ್ಥ ಬರುತ್ತದೆ.

ಇನ್ನು ನನ್ನ ದೂರಿಗೆ ಬರುತ್ತೇನೆ. ಹಡಗಿನ ಮೇಲೆ ಪ್ಲಗ್ ಇರುತ್ತದೆ, ನೋಡಿಕೊಳ್ಳಲು ಜನ ಇರುತ್ತಾರೆ. ಕಷ್ಟ ಇರುವುದು ಕೈ ಬದಲಾಗುವ ಕಡೆ. ಲಾರಿಯಲ್ಲಿ ಜೆನ್‌ಸೆಟ್ (ಕರೆಂಟ್ ಕೊಡುವ ಜನರೇಟರ್) ಇಲ್ಲದಿರುವುದು, ಬಂದರಿನ ಯಾರ್ಡ್‌ನಲ್ಲಿ ಪ್ಲಗ್ ಖಾಲಿ ಇಲ್ಲದಿರುವುದು, ಹಡಗು ಬದಲಾಯಿಸುವ ಬಂದರಿನಲ್ಲಿ ಕಂಟೇನರ್ ಇಳಿಸಿ ಮರೆತುಬಿಡುವುದು. ಒಮ್ಮೆ ನಮ್ಮ ಎರಡು ಕಂಟೇನರ್‌ಗಳು ಹೀಗೇ ನಡುವಿನ ಬಂದರಿನಲ್ಲಿ ಇಡೀ ರಾತ್ರಿ ಕರೆಂಟಿಲ್ಲದೆ ನಿಂತವು. ಟರ್ಮಿನಲ್‌ನವರು ಹಾಗೇನೂ ಆಗಿಲ್ಲ ಅಂದರು. ಒಳಗೆ ಇಟ್ಟಿದ್ದ ನಮ್ಮದೇ ಡೇಟಾ ಲಾಗರ್ (ಉಷ್ಣತೆ ದಾಖಲಿಸುವ ಉಪಕರಣ) ಬೇರೆಯೇ ಹೇಳಿತು. ಸಿಗಡಿಗೆ ಏನೂ ಆಗಿರಲಿಲ್ಲ. ಬಾಗಿಲು ಮುಚ್ಚಿದ್ದರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ರಾಶಿ ನಿಧಾನಕ್ಕೆ ಬಿಸಿಯಾಗುತ್ತದೆ. ಪಕ್ಕದ ಕಂಟೇನರ್‌ನ ಹಣ್ಣು ಮಾತ್ರ ಒಂದು ಕಡೆಯಿಂದ ಮೆತ್ತಗಾಗಿತ್ತು. ಫ್ರೋಜನ್‌ಗೆ ಒಂದು ಅಭಿಪ್ರಾಯ, ತಾಜಾಕ್ಕೆ ಇನ್ನೊಂದು ಅಂದದ್ದು ಇದಕ್ಕೇ.

ಲಾಗರ್ ಓದುವಾಗ ಒಂದು ಎಚ್ಚರ. ಕಾಯಿಲ್ ಮೇಲಿನ ಹಿಮ ಕರಗಿಸಲು ಮೆಷಿನ್ ಆಗಾಗ ಡಿಫ್ರಾಸ್ಟ್ ಮಾಡಿಕೊಳ್ಳುತ್ತದೆ. ಆಗ ಗಾಳಿಯ ಉಷ್ಣತೆ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ. ಗ್ರಾಫ್‌ನಲ್ಲಿ ಅದನ್ನು ನೋಡಿ ಗಾಬರಿಯಾಗಬೇಡಿ. ಕೊಳ್ಳುವವರಿಗೂ ಮೊದಲೇ ತಿಳಿಸಿಡಿ.

ದೂರದಿಂದಲೇ ಕಂಟೇನರ್ ನೋಡುವ ವ್ಯವಸ್ಥೆ ಬಂದ ಮೇಲೆ ಎಷ್ಟೋ ನೆಮ್ಮದಿ. ಮರ್ಸ್ಕ್ ಎಂಬ ಶಿಪ್ಪಿಂಗ್ ಲೈನ್ 2017ರಲ್ಲಿ ಇದನ್ನು ಗ್ರಾಹಕರಿಗೆ ತೆರೆಯಿತು, ಈಗ ಬೇರೆ ಲೈನ್‌ಗಳಲ್ಲೂ ಇದೆ. ಪ್ಲಗ್ ಕಿತ್ತಿರುವುದು ಅದೇ ದಿನ ಗೊತ್ತಾದರೆ ಫೋನ್ ಮಾಡಿ ಹಾಕಿಸಬಹುದು. ಮಾಲು ತಲುಪಿದ ಮೇಲೆ ಗೊತ್ತಾದರೆ ಜಗಳ ಆಡಬಹುದು, ಅಷ್ಟೇ. ಈ ಸೌಲಭ್ಯ ಇಲ್ಲದ ಲೈನ್‌ಗೆ ನಾವು ಈಗ ತಾಜಾ ಮಾಲು ಕೊಡುವುದಿಲ್ಲ.

ದಿನಗಳ ಲೆಕ್ಕವೂ ಬದಲಾಗಿದೆ. 2020ರ ಆರಂಭದಲ್ಲಿ ಚೀನಾದ ಶಾಂಘೈ, ಟಿಯಾನ್‌ಜಿನ್ ಬಂದರುಗಳಲ್ಲಿ ರೀಫರ್ ಪ್ಲಗ್‌ಗಳೇ ತುಂಬಿಹೋಗಿ ಕಂಟೇನರ್‌ಗಳನ್ನು ಬೇರೆ ಬಂದರುಗಳಿಗೆ ತಿರುಗಿಸಿದರು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಬಹಳ ಹಡಗುಗಳು ಆಫ್ರಿಕಾ ಸುತ್ತಿ ಹೋದವು. ಫ್ರೋಜನ್ ಮಾಲಿಗೆ ಇದರಿಂದ ಖರ್ಚು ಜಾಸ್ತಿ, ಮಾಲಿಗೆ ಧಕ್ಕೆ ಕಡಿಮೆ. ತಾಜಾ ಮಾಲಿಗೆ ಅಂಗಡಿಯಲ್ಲಿ ಮಾರಲು ಉಳಿಯಬೇಕಾದ ದಿನಗಳೇ ಸಮುದ್ರದಲ್ಲಿ ಕಳೆದುಹೋಗುತ್ತವೆ. ಆಮ್ಲಜನಕ ಇಳಿಸಿ, ಇಂಗಾಲದ ಡೈಆಕ್ಸೈಡ್ ಏರಿಸಿ ಹಣ್ಣು ಮಾಗುವುದನ್ನು ತಡೆಯುವ ಕಂಟೇನರ್‌ಗಳಿವೆ. ದೂರದ ದಾರಿಗೆ ಅವು ನಿಜಕ್ಕೂ ಉಪಯೋಗ. ಆದರೆ ಕೊಯ್ಲಿನಲ್ಲೇ ಬಲಿತು ಹಣ್ಣಾದದ್ದನ್ನು ಅವೂ ಉಳಿಸಲಾರವು.

ಮಾಲು ಕೆಟ್ಟರೆ ಕೊಳ್ಳುವವರು ಪೆಟ್ಟಿಗೆ ಅಲ್ಲಾಡಿಸುವ ಮೊದಲೇ ಫೋಟೋ ತೆಗೆಯಬೇಕು. ಹೊರಗೆ ಕಾಣದ ಹಾನಿಗೆ ಹೇಗ್-ವಿಸ್ಬಿ ಎಂಬ ಅಂತರರಾಷ್ಟ್ರೀಯ ಹಡಗು ಸಾಗಣೆ ನಿಯಮದಲ್ಲಿ ಮೂರು ದಿನದೊಳಗೆ ಬರೆದು ತಿಳಿಸಬೇಕು. ದಾವೆಗೆ ಒಂದು ವರ್ಷ. ಪೆಟ್ಟಿಗೆಯ ತಳದಲ್ಲಿ ಕಟ್ಟಿದ ಹಿಮಗಡ್ಡೆ, ಆಕಾರ ಕೆಟ್ಟ ಬ್ಲಾಕ್ ಕಂಡರೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದೇ ಅನುಮಾನಿಸಿ. ವಿಮೆಯ ಷರತ್ತು ಪೂರ್ತಿ ಓದಿ. ಮೆಷಿನ್ ಸತತ 24 ಗಂಟೆ ನಿಂತರೆ ಮಾತ್ರ ಪರಿಹಾರ ಕೊಡುವ ಪಾಲಿಸಿಗಳಿವೆ. ಒಂದು ರಾತ್ರಿ ಪ್ಲಗ್ ಇಲ್ಲದೆ ಕೆಟ್ಟ ಹಣ್ಣಿಗೆ ಅಂಥ ಪಾಲಿಸಿಯಿಂದ ಏನೂ ಸಿಗುವುದಿಲ್ಲ.

ಫ್ರೋಜನ್ ಆಹಾರವನ್ನು ಮೈನಸ್ 18ರ ಬದಲು ಮೈನಸ್ 15ರಲ್ಲಿ ಸಾಗಿಸೋಣ ಎಂಬ ಒಕ್ಕೂಟವೊಂದು 2023ರಲ್ಲಿ ಶುರುವಾಗಿದೆ. ವಿದ್ಯುತ್ ಉಳಿಯುತ್ತದೆ, ಆ ಉದ್ದೇಶ ನನಗೂ ಇಷ್ಟ. ಆದರೆ ನಮ್ಮ ಸಿಗಡಿ ಆ ರಾತ್ರಿ ಉಳಿದದ್ದು ಆ ಮೂರು ಡಿಗ್ರಿಯ ಅಂತರವೂ ಕೈಯಲ್ಲಿ ಇದ್ದದ್ದರಿಂದ. ಯಾರ್ಡ್‌ಗಳಲ್ಲಿ ಪ್ಲಗ್ ಹಾಕುವ ಶಿಸ್ತು ಮೊದಲು ಬರಲಿ. ಅದು ಬರುವವರೆಗೆ ನಮ್ಮ ಮಾಲು ಮೈನಸ್ 20ರಲ್ಲೇ ಹೊರಡುತ್ತದೆ.