ಬಾದಾಮಿಯಲ್ಲಿ ಊಟ ಹುಡುಕಲು ಫೋನ್ ಮೇಲೋ, ಅಂಗಡಿಯವರು ಮೇಲೋ?

ಹೊಸ ಊರಲ್ಲಿ ಊಟದ ಜಾಗ ಹುಡುಕೋಕೆ ಮೂರು ದಾರಿ: ಫೋನಿನ ಮ್ಯಾಪ್, ಲಾಡ್ಜಿನ ಕೌಂಟರ್, ಪೇಟೆಯ ಅಂಗಡಿಯವರು. ಬಾದಾಮಿ ಸುತ್ತಮುತ್ತ ಮೂರನ್ನೂ ನೋಡಿದ್ದೇನೆ. ನನ್ನ ವೋಟು ಅಂಗಡಿಯವರಿಗೆ.

ಮ್ಯಾಪಿನಲ್ಲಿ ನನ್ನ ತಲೆ ಕೆಡಿಸಿದ್ದು ಹೆಸರು. ಈ ಕಡೆ ಖಾನಾವಳಿಗಳಿಗೆ ಬಸವೇಶ್ವರ, ವೀರಭದ್ರೇಶ್ವರ, ಬನಶಂಕರಿ ಅಂತ ದೇವರ ಹೆಸರೇ ಜಾಸ್ತಿ. ಯಾರೋ ಹೊಗಳಿದ ಹೆಸರು ಹಾಕಿದರೆ ಅದೇ ಹೆಸರಿನವು ಸಾಲಾಗಿ ಬರುತ್ತವೆ, ಒಂದು ಬಾಗಲಕೋಟೆಯಲ್ಲಿ, ಇನ್ನೊಂದು ಇಳಕಲ್‌ನಲ್ಲಿ. ಸರಿಯಾದದ್ದು ಸಿಕ್ಕಿತು ಅಂತ ಮಟಮಟ ಮಧ್ಯಾಹ್ನ ನಡೆದು ಹೋದರೆ ಶಟರ್ ಎಳೆದಿತ್ತು. ಫೋನಿನಲ್ಲಿ ಮಾತ್ರ ‘ತೆರೆದಿದೆ’. ಪಕ್ಕದ ಪಾನ್ ಅಂಗಡಿಯವರು ನಕ್ಕರು: ‘ಅವ್ರು ಜಾಗಾ ಬದ್ಲಿ ಮಾಡ್ಯಾರ್ರೀ, ಭಾಳ ದಿನಾ ಆತು.’

ಇನ್ನು ಸ್ಟಾರ್. ಗೋಬಿ ಮಂಚೂರಿ ಸಿಗಲಿಲ್ಲ ಅಂತ ಖಾನಾವಳಿಗೆ ಒಂದೇ ಸ್ಟಾರ್ ಕೊಟ್ಟವರೂ ಇದ್ದಾರೆ. ಅವರ ಸಿಟ್ಟು ಕಟ್ಟಿಕೊಂಡು ನನಗೇನು?

ಲಾಡ್ಜಿನವರು ತಮ್ಮದೇ ರೆಸ್ಟೋರೆಂಟ್ ತೋರಿಸುತ್ತಾರೆ. ಅಷ್ಟೇ.

ಅಂಗಡಿಯವರನ್ನು ‘ಒಳ್ಳೇ ಹೋಟೆಲ್ ಯಾವುದು’ ಅಂತ ಕೇಳಬಾರದು. ಪ್ರವಾಸಿ ಅಂತ ನೋಡಿ ಬೋರ್ಡು ದೊಡ್ಡದಿರುವ ಕಡೆ ಕಳಿಸುತ್ತಾರೆ. ‘ಮನ್ಯಾಗ ಅಡಿಗಿ ಇಲ್ಲಂದ್ರ ನೀವು ಎಲ್ಲಿ ಉಣ್ತೀರಿ?’ ಅಂತ ಕೇಳಿ. ಹಾಗೆ ಕೇಳಿದ್ದಕ್ಕೆ ಒಬ್ಬ ಕಿರಾಣಿ ಅಂಗಡಿ ಅಜ್ಜಾರು, ‘ಖಾನಾವಳಿ ಬಿಡ್ರಿ, ಬನಶಂಕರಿ ಗುಡೀಗೆ ಹೋಗ್ರಿ’ ಅಂದರು. ಬಾದಾಮಿಯಿಂದ ಐದು ಕಿಲೋಮೀಟರ್ ಅಷ್ಟೇ. ಅಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಊಟ ತಂದು ಮಾರುತ್ತಾರೆ. ನಾನು ಕೂತ ಕಡೆ ಒಬ್ಬ ಅಕ್ಕ ಬುಟ್ಟಿಯ ಬಟ್ಟೆ ಸರಿಸಿ ಜೋಳದ ರೊಟ್ಟಿ ತೆಗೆದರು. ಮೇಲೆ ಶೇಂಗಾ ಚಟ್ನಿ, ಕೆಂಪು ಖಾರ, ಕಾಳಿನ ಪಲ್ಯ. ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಇದು ಯಾವ ಮ್ಯಾಪಿನ ಪಟ್ಟಿಯಲ್ಲೂ ನನಗೆ ಕಂಡಿರಲಿಲ್ಲ.

ಇತಿಹಾಸದ ಹುಚ್ಚಿದ್ದರೆ ಆ ರೊಟ್ಟಿಯನ್ನೇ ನೋಡಬಹುದು. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು. ಆ ಗುಹೆ ಕೊರೆದವರಿಗೆ ಶೇಂಗಾನೂ ಗೊತ್ತಿಲ್ಲ, ಕೆಂಪು ಖಾರವೂ ಗೊತ್ತಿಲ್ಲ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು 1498ರಲ್ಲಿ ಈ ಕಡೆ ಬಂದ ಮೇಲೇ ನಮಗೆ ಸಿಕ್ಕಿದ್ದು. ಜೋಳ ಮಾತ್ರ ಹಳೇ ನೆಂಟ, ಆಫ್ರಿಕಾದಿಂದ ಬಂದು ಸಾವಿರಾರು ವರ್ಷವೇ ಆಗಿದೆ.

ಮಾಂಸದೂಟ ಬೇಕಾದವರು ಸಾವಜಿ ಹೋಟೆಲ್ ಕೇಳಿ. ಅದು ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದ ಮನೆ ಅಡುಗೆ, ಅವರ ಹಳೇ ಕಸುಬು ನೇಯ್ಗೆ. ಗಲ್ಲಾದಲ್ಲಿ ಕೂತವರನ್ನು ಮಗ್ಗದ ಬಗ್ಗೆ ಕೇಳಿದರೆ ಬಿಲ್ ಕೊಡೋದನ್ನೂ ಮರೆತು ಮಾತಾಡುತ್ತಾರೆ. ಖಾರಕ್ಕೆ ಮಾತ್ರ ತಯಾರಾಗಿ ಹೋಗಿ.

ನಾನು ಬಸ್ಸಲ್ಲಿ ತಿರುಗುವವನು, ಹೊಟ್ಟೆ ತುಂಬಾ ರೊಟ್ಟಿ ಸಾಕು, ಮಾತಿಗೆ ಟೈಮ್ ಇರುತ್ತದೆ. ನನಗೆ ಅಂಗಡಿಯವರೇ ಸರಿ. ಮಕ್ಕಳು ಮರಿ ಕಟ್ಟಿಕೊಂಡು ಕಾರಲ್ಲಿ ಬರುವವರು ಮ್ಯಾಪ್ ನೋಡಿ, ಆದರೆ ಹೊರಡೋ ಮೊದಲು ಅಲ್ಲಿಗೆ ಒಂದು ಫೋನ್ ಮಾಡಿ. ರಾತ್ರಿ ಹತ್ತರ ಮೇಲೆ ಇಳಿದರೆ ಕೇಳೋಕೆ ಅಂಗಡಿಯವರೇ ಇರಲ್ಲ, ಆಗ ಲಾಡ್ಜಿನ ಊಟಾನೇ ಗತಿ.